ಜಪಾನಿನ ಕಷಾಯದಲ್ಲಿ ಅತಿಮಧುರ

ಅಜ್ಜನಿಗೆ ಊಟ ಸೇರುವುದಿಲ್ಲ. ಅರ್ಧ ಮುದ್ದೆ ಉಣ್ಣುವಷ್ಟರಲ್ಲಿ ಹೊಟ್ಟೆ ಬಿಗಿಯಿತೆಂದು ಕೈ ತೊಳೆದುಬಿಡುತ್ತಾರೆ. ಅಜ್ಜಿ ಶುಂಠಿ ಕಷಾಯಕ್ಕೆ ನೀರಿಡುತ್ತಾರೆ. ಕತ್ತಲಗೆರೆಯ ಆಸುಪಾಸಿನಲ್ಲಿ ಇದು ಮನೆಮನೆಯ ಮಾತು. ಇದೇ ತೊಂದರೆಗೆ ಜಪಾನಿನ ವೃದ್ಧರಿಗೂ ಶುಂಠಿ ಬೆರೆತ ಕಷಾಯ ಕೊಡುವುದುಂಟು! ಆದರೆ ಅದು ಕಾರ್ಖಾನೆಯಲ್ಲಿ ಕುದಿಸಿ, ಒಣಗಿಸಿ, ಪೊಟ್ಟಣ ಕಟ್ಟಿದ ಪುಡಿ.

ಜಪಾನಿನಲ್ಲಿ ಹತ್ತು ಜನರಲ್ಲಿ ಸುಮಾರು ಮೂವರು 65 ವರ್ಷ ದಾಟಿದವರು. ಚೀನಾದಿಂದ ಬಂದು ಅಲ್ಲಿ ತನ್ನದೇ ರೂಪ ತಾಳಿದ ಮೂಲಿಕೆ ವೈದ್ಯಕ್ಕೆ ‘ಕಂಪೊ’ ಎಂದು ಹೆಸರು. 1976ರಲ್ಲಿ ಈ ಮದ್ದುಗಳು ದೊಡ್ಡ ಸಂಖ್ಯೆಯಲ್ಲಿ ಆರೋಗ್ಯ ವಿಮೆಗೆ ಸೇರಿದವು. ಬರೆದುಕೊಡುವವರು ಆಧುನಿಕ ವೈದ್ಯ ಕಲಿತ ಡಾಕ್ಟರೇ.

ಹಸಿವಾಗದವರಿಗೆ ಕೊಡುವುದು ‘ರಿಕ್ಕುನ್‌ಶಿತೊ’. ಹೆಸರಿನ ಅರ್ಥ ಆರು ಮಹನೀಯರ ಕಷಾಯ. ಒಳಗಿರುವವರು ಮಾತ್ರ ಎಂಟು ಮಂದಿ! ಶುಂಠಿ, ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ, ನಮ್ಮ ಎಲಚಿಯ ದಾಯಾದಿ, ಜಿನ್‌ಸೆಂಗ್ ಬೇರು, ಪೈನ್ ಮರದ ಬೇರಿನಲ್ಲಿ ಬೆಳೆಯುವ ಶಿಲೀಂಧ್ರ, ಇನ್ನೆರಡು ಗೆಡ್ಡೆಗಳು, ಜೊತೆಗೆ ಅತಿಮಧುರ.

ಇದು ಕೆಲಸ ಮಾಡುವುದಾದರೂ ಹೇಗೆ? 1999ರಲ್ಲಿ ಕೊಜಿಮಾ ಮತ್ತು ಕಂಗಾವಾ ಎಂಬ ಜಪಾನಿ ವಿಜ್ಞಾನಿಗಳು ಇಲಿಯ ಜಠರದಲ್ಲಿ ಹಸಿವು ಹುಟ್ಟಿಸುವ ‘ಗ್ರೆಲಿನ್’ ಹಾರ್ಮೋನನ್ನು ಕಂಡುಹಿಡಿದರು. ಕ್ಯಾನ್ಸರ್ ಔಷಧಿಯಿಂದ ಗ್ರೆಲಿನ್ ಕುಗ್ಗಿ ಮೇವು ಬಿಟ್ಟ ಇಲಿಗಳು ಈ ಕಷಾಯ ಕುಡಿದು ಮತ್ತೆ ತಿಂದವೆಂದು 2008ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಫಲ ಅಷ್ಟು ನಿಚ್ಚಳವಲ್ಲ. ಅಜೀರ್ಣದ ಕೆಲವು ಲಕ್ಷಣಗಳು ತಗ್ಗಿದ್ದುಂಟು; ಆದರೆ ಹೋಲಿಕೆಗಾಗಿ ಬರೀ ಹುಸಿ ಪುಡಿ ನುಂಗಿದವರಲ್ಲಿಯೂ ಅನೇಕರಿಗೆ ಗುಣ ಕಂಡಿತ್ತು.

ಇನ್ನು ಅತಿಮಧುರದ ವಿಷಯ. ಮೂಲಿಕೆ ಎಂದರೆ ಅಪಾಯವಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ನಮ್ಮ ದೇಹದ ಕಾರ್ಟಿಸಾಲ್ ಹಾರ್ಮೋನು ಮೂತ್ರಪಿಂಡದಲ್ಲಿ ಅತಿಯಾಗಿ ಕೆಲಸ ಮಾಡದಂತೆ ತಡೆಯುವ ಕಿಣ್ವವೊಂದಿದೆ. ಅತಿಮಧುರದ ಸಿಹಿ ಅಂಶ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಉಪ್ಪು, ನೀರು ಮೈಯಲ್ಲಿ ಉಳಿದು ಪೊಟ್ಯಾಸಿಯಂ ಸೋರಿಹೋಗುತ್ತದೆ. ರಕ್ತದೊತ್ತಡ ಏರುತ್ತದೆ, ಕಾಲು ಊದುತ್ತದೆ, ಸ್ನಾಯು ಸೋಲುತ್ತದೆ. ಹೃದಯದ ಲಯವೂ ತಪ್ಪಬಹುದು. ರಿಕ್ಕುನ್‌ಶಿತೊದಲ್ಲಿ ಅತಿಮಧುರ ದಿನಕ್ಕೆ ಸುಮಾರು ಒಂದು ಗ್ರಾಂ ಮಾತ್ರ. ಕಾಲು ಸೆಳೆತಕ್ಕೆ ಕೊಡುವ ಇನ್ನೊಂದು ಕಂಪೊ ಮದ್ದಿನಲ್ಲಿ ಸುಮಾರು ಆರು ಗ್ರಾಂ. ಎರಡೂ ಕೂಡಿದರೆ? ಪೊಟ್ಯಾಸಿಯಂ ಇಳಿದರೂ ಕಾಲು ಸೆಳೆಯುತ್ತದೆ. ಮದ್ದು ಸಾಲದೆಂದು ಇನ್ನಷ್ಟು ಕೊಟ್ಟರೆ ಕಷ್ಟ ಹೆಚ್ಚೀತು. ನಿಶ್ಶಕ್ತಿಯನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವುದು ಸುಲಭ. ಆದ್ದರಿಂದಲೇ ಅಲ್ಲಿನ ವೈದ್ಯರು ಇಂಥ ಮದ್ದು ಕೊಡುವಾಗ ರಕ್ತದ ಪೊಟ್ಯಾಸಿಯಂ ಪರೀಕ್ಷಿಸಿ ನೋಡುತ್ತಾರೆ.

ನಮ್ಮ ಗ್ರಂಧಿಗೆ ಅಂಗಡಿಯ ಕೆಮ್ಮಿನ ಪುಡಿ, ಕಷಾಯದ ಪುಡಿಗಳಲ್ಲಿಯೂ ಅತಿಮಧುರ ಇರುತ್ತದೆ. ಜ್ಯೇಷ್ಠಮಧು, ಯಷ್ಟಿಮಧು ಎಂದರೂ ಅದೇ. ಅಜ್ಜ ಬಿ.ಪಿ. ಮಾತ್ರೆಯನ್ನೋ ಮೂತ್ರ ಹೋಗುವ ಮಾತ್ರೆಯನ್ನೋ ನುಂಗುತ್ತಿದ್ದರೆ, ವಿದ್ಯಾರ್ಥಿಗಳೇ, ಆ ಪೊಟ್ಟಣದ ಮೇಲಿನ ಪಟ್ಟಿ ಓದಿ ಡಾಕ್ಟರಿಗೆ ತೋರಿಸಿ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ಮಲ ಕಪ್ಪಗಾದರೆ ಯಾವ ಕಷಾಯಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.