ಚಂದ್ರಗಿರಿ ದಂಡೆಯಿಂದ ಬಂದ ಹುಡುಗಿಯರು

ಲೇಖಕಿ ಸಾರಾ ಅಬೂಬಕ್ಕರ್ ಅವರಿಗೆ ಗ್ರಂಥಾಲಯದ ಸದಸ್ಯತ್ವ ದಕ್ಕಿದ್ದು 1963ರಲ್ಲಿ. ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ. ಮನೆಮಾತು ಮಲಯಾಳ, ಶಾಲೆಯ ಮಾತು ಕನ್ನಡ. ತಂದೆ ವಕೀಲರಾದ್ದರಿಂದ ಮಗಳು ಮೆಟ್ರಿಕ್‌ವರೆಗೆ ಓದಿದಳು. ಆ ಸೀಮೆಯ ಮುಸ್ಲಿಂ ಹೆಣ್ಣುಮಕ್ಕಳ ಪೈಕಿ ಅಷ್ಟು ಓದಿದ ಮೊದಲಿಗರಲ್ಲಿ ಅವರೂ ಒಬ್ಬರು. ಮುಂದೆ ಕಾಲೇಜಿಗೆ ಹೋಗುವ ಆಸೆಗೆ ಸಮಾಜದ ಕಟ್ಟುಪಾಡು ಅಡ್ಡ ಬಂತು. ಮದುವೆಯಾಯಿತು, ಮಕ್ಕಳಾದರು. ಶಾಲೆ ಬಿಟ್ಟ ಎಷ್ಟೋ ವರ್ಷದ ಮೇಲೆ ಪುಸ್ತಕದ ಕಪಾಟು ಅವರಿಗೆ ಮತ್ತೆ ತೆರೆಯಿತು.

ಕನ್ನಡದ ಮುಸ್ಲಿಂ ಹುಡುಗಿಯರ ಬದುಕು ಅಚ್ಚಿನಲ್ಲಿ ಮೂಡಿದ ಕಥೆಯನ್ನು ನಾನು ಈ ಸದಸ್ಯತ್ವದಿಂದಲೇ ಶುರು ಮಾಡಲು ಇಷ್ಟಪಡುತ್ತೇನೆ.

ಅಮೆರಿಕದಲ್ಲಿ ಬಹುಪತ್ನಿತ್ವದ ಮನೆಗಳಲ್ಲಿ ಬೆಳೆಯುವ ಹುಡುಗಿಯರ ಬದುಕಿನ ಮೇಲೆ ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳಿವೆ. ಕ್ಯಾರಲ್ ಲಿಂಚ್ ವಿಲಿಯಮ್ಸ್ 2009ರಲ್ಲಿ ಬರೆದ ‘ದಿ ಚೋಸನ್ ಒನ್’ ಅಂಥದೊಂದು. ಅದರ ಕಥಾನಾಯಕಿ ಕೈರಾಗೆ 13 ವರ್ಷ. ಊರ ಹೊರಗೆ ಬೇಲಿ ಹಾಕಿಕೊಂಡು ಬದುಕುವ ಪಂಥವೊಂದರಲ್ಲಿ ಒಬ್ಬ ಅಪ್ಪ, ಮೂವರು ತಾಯಂದಿರ ನಡುವೆ ಬೆಳೆದವಳು. ಅರವತ್ತು ದಾಟಿದ ಸ್ವಂತ ಚಿಕ್ಕಪ್ಪನಿಗೆ ಏಳನೆಯ ಹೆಂಡತಿಯಾಗಬೇಕೆಂದು ಪಂಥದ ಗುರು ಅವಳಿಗೆ ಅಪ್ಪಣೆ ಮಾಡುತ್ತಾನೆ. ರಸ್ತೆಯಲ್ಲಿ ಬಂದುಹೋಗುವ ಸಂಚಾರಿ ಗ್ರಂಥಾಲಯದ ವ್ಯಾನಿನಿಂದ ಅವಳು ಕದ್ದು ಕದ್ದು ಪುಸ್ತಕ ತಂದು ಓದುತ್ತಾಳೆ. ಹೊರಗೆ ಬೇರೊಂದು ಬದುಕಿದೆ ಎಂದು ಅವಳಿಗೆ ತಿಳಿಯುವುದು ಆ ವ್ಯಾನಿನಿಂದ. ಮಾರ್ಮನ್ನರ ಮುಖ್ಯ ಚರ್ಚು ಬಹುಪತ್ನಿತ್ವವನ್ನು ಕೈಬಿಡುವುದಾಗಿ 1890ರಲ್ಲೇ ಸಾರಿತು. ಅದನ್ನು ಒಪ್ಪದೆ ಸಿಡಿದುಹೋದ, ಕೈರಾಳ ಪಂಥದಂಥ ಪಂಗಡಗಳಲ್ಲಿ ಪದ್ಧತಿ ಉಳಿಯಿತು. ಅಂಥ ಒಂದು ಪಂಗಡದ ಮುಖ್ಯಸ್ಥ ವಾರನ್ ಜೆಫ್ಸ್‌ಗೆ ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಇಂಗ್ಲಿಷ್ ಓದುವ ನಮ್ಮ ಮಕ್ಕಳಿಗೆ ಕೈರಾ ಗೊತ್ತು. ಸಾರಾ ಅವರ ನಾದಿರಾ ಗೊತ್ತಿಲ್ಲ. ನನ್ನ ಸಂಕಟವೆಲ್ಲ ಇದೇ.

ಲಂಕೇಶರು ‘ಲಂಕೇಶ್ ಪತ್ರಿಕೆ’ ಆರಂಭಿಸಿದ್ದು 1980ರಲ್ಲಿ. ಮರುವರ್ಷ ಸಾರಾ ಅವರ ಲೇಖನವೊಂದು ಅದರಲ್ಲಿ ಬಂತು, ವಸ್ತು ಕೋಮು ಸಾಮರಸ್ಯ. ಅದರ ಬೆನ್ನಿಗೇ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಹರಿಯಿತು. ಪುಸ್ತಕವಾದದ್ದು 1984ರಲ್ಲಿ. ಹೊಸ ಲೇಖಕಿಯೊಬ್ಬರ ಮೊದಲ ಕಾದಂಬರಿ, ಅದೂ ಆವರೆಗೆ ಕನ್ನಡದ ಕಥೆಗಳು ಅಷ್ಟಾಗಿ ಒಳಹೊಕ್ಕು ನೋಡದಿದ್ದ ಮನೆಗಳ ಕಥೆ, ವಾರವಾರವೂ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗುವ ಪತ್ರಿಕೆಯಲ್ಲಿ ಬಂತು. ವಿಮರ್ಶಕರಿಗಿಂತ ಮೊದಲು ಸಾಮಾನ್ಯ ಓದುಗರ ಕೈಗೆ ಸೇರಿತು.

ಅದರ ನಾಯಕಿ ನಾದಿರಾ ಇನ್ನೂ ಎಳೆಯ ಹೆಣ್ಣು. ಗಂಡ ರಶೀದ್ ಒಳ್ಳೆಯವನು, ಸಂಸಾರವೂ ಚೆನ್ನಾಗಿದೆ. ಆದರೆ ತಾನು ಕೇಳಿದಾಗ ಅಳಿಯ ಹಣ ಕೊಡಲಿಲ್ಲವೆಂದು ಅಪ್ಪ ಮಹಮ್ಮದ್ ಖಾನ್ ಮಗಳನ್ನು ಮನೆಯಲ್ಲೇ ಇರಿಸಿಕೊಂಡು ತಲಾಖ್ ಕೊಡಿಸುತ್ತಾನೆ. ಮುಂದೆ ಗಂಡಹೆಂಡಿರು ಮತ್ತೆ ಕೂಡಬೇಕೆಂದಾಗ ನಿಯಮ ಎದುರಾಗುತ್ತದೆ: ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದಲೂ ತಲಾಖ್ ಪಡೆಯಬೇಕು. ಅವಳನ್ನು ಕೇಳಿದವರು ಯಾರೂ ಇಲ್ಲ. ಆ ರಾತ್ರಿ ನಾದಿರಾ ಮಸೀದಿಯ ಕೆರೆಯಲ್ಲಿ ಮುಳುಗಿ ಪ್ರಾಣ ಬಿಡುತ್ತಾಳೆ. ಸಾರಾ ಎಲ್ಲೂ ದನಿ ಏರಿಸುವುದಿಲ್ಲ. ಅಪ್ಪನನ್ನೂ ರಾಕ್ಷಸನನ್ನಾಗಿ ಮಾಡುವುದಿಲ್ಲ. ಅವನಿಗೂ ಪಶ್ಚಾತ್ತಾಪವಿದೆ, ಆದರೆ ಅದು ತಡವಾಗಿ ಬರುತ್ತದೆ.

ಮುಂದಿನ ಕಾದಂಬರಿ ‘ಸಹನಾ’ ಸವತಿಯ ಸಂಕಟವನ್ನೇ ನೇರವಾಗಿ ಎತ್ತಿಕೊಂಡಿತು. ‘ವಜ್ರಗಳು’ ನಫೀಸಾಳ ಕಥೆ ಹೇಳಿತು. ಅದು ‘ಸಾರಾವಜ್ರ’ ಎಂಬ ಸಿನಿಮಾ ಆಯಿತು, ಅನು ಪ್ರಭಾಕರ್ ನಫೀಸಾ ಆದರು. ಬರೆದದ್ದಕ್ಕೆ ತೆತ್ತ ಬೆಲೆಯೂ ಇದೆ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಗುಂಪೊಂದು ಅವರ ಮೇಲೆ ಏರಿಬರಲು ನೋಡಿತು. ಸಾರಾ ಬರೆಯುವುದನ್ನು ನಿಲ್ಲಿಸಲಿಲ್ಲ. 1994ರಲ್ಲಿ ‘ಚಂದ್ರಗಿರಿ ಪ್ರಕಾಶನ’ ಎಂದು ಸ್ವಂತ ಪ್ರಕಾಶನವನ್ನೇ ಕಟ್ಟಿದರು.

ಅವರ ಹುಡುಗಿಯರು ಕರಾವಳಿಯವರು. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ಲಿನ ಮುಸ್ಲಿಂ ಮನೆಗಳಲ್ಲಿ ಕೇಳುವ ದಖನಿ ಮಾತಿನ ಹುಡುಗಿಯರನ್ನು ಕನ್ನಡಕ್ಕೆ ತಂದವರು ಹಾಸನದ ಬಾನು ಮುಷ್ತಾಕ್. ಅವರು ಬೆಳೆದದ್ದು ಬಂಡಾಯ ಚಳವಳಿಯ ಅಂಗಳದಲ್ಲಿ. 1979ರಲ್ಲಿ ಹುಟ್ಟಿದ ಆ ಸಂಘಟನೆಯ ಮುಂಚೂಣಿಯಲ್ಲಿದ್ದ ಬರಗೂರು ರಾಮಚಂದ್ರಪ್ಪ ನಮ್ಮ ಶಿರಾ ತಾಲ್ಲೂಕಿನವರು. ಬಾನು ಅವರ ‘ಕರಿ ನಾಗರಗಳು’ ಕಥೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ. ಬಿಟ್ಟುಹೋದ ಹೆಂಡತಿ ಮಕ್ಕಳೊಡನೆ ಮಸೀದಿಗೆ ಹೋಗಿ ನ್ಯಾಯ ಕೇಳುತ್ತಾಳೆ. ಗಿರೀಶ ಕಾಸರವಳ್ಳಿ ಅದನ್ನು ‘ಹಸೀನಾ’ ಎಂಬ ಸಿನಿಮಾ ಮಾಡಿದರು, ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರ ಮೇ ತಿಂಗಳಲ್ಲಿ ಬಾನು ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು.

ಇದು ಮುಸ್ಲಿಮರ ಮನೆಯ ಸಮಾಚಾರ, ನಮಗೇಕೆ ಎನ್ನುವವರಿಗೆ ಒಂದು ಮಾತು. ಹಿಂದೂ ಗಂಡಸು ಹೆಂಡತಿ ಇರುವಾಗಲೇ ಮತ್ತೊಂದು ಮದುವೆಯಾಗುವುದನ್ನು ದೇಶದುದ್ದಕ್ಕೂ ಕಾನೂನು ತಡೆದದ್ದು 1955ರಲ್ಲಿ. ಅದಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲೂ ಕಿರಿ ಹೆಂಡತಿ, ಹಿರಿ ಹೆಂಡತಿ ಇದ್ದ ಮನೆಗಳಿದ್ದವು. ನಾವೆಲ್ಲ ಕೊಂಡಾಡುವ ಗುಬ್ಬಿ ವೀರಣ್ಣನವರಿಗೂ ಒಬ್ಬರಿಗಿಂತ ಹೆಚ್ಚು ಮಡದಿಯರಿದ್ದರು. ಆ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳು ತಮ್ಮ ಕಣ್ಣಿಂದ ಬರೆದ ಕಥೆಗಳು ಎಷ್ಟಿವೆ? ಸಾರಾ ತೋರಿದ ಧೈರ್ಯದ ತೂಕ ಗೊತ್ತಾಗುವುದು ಈ ಪ್ರಶ್ನೆ ಕೇಳಿಕೊಂಡಾಗ.

2023ರ ಜನವರಿ 10ರಂದು ಮಂಗಳೂರಿನಲ್ಲಿ ಸಾರಾ ತೀರಿಕೊಂಡರು. ಅವರ ಕಾದಂಬರಿಗಳು ‘ಮಹಿಳಾ ಸಾಹಿತ್ಯ’ ಎಂಬ ಪಟ್ಟಿಗೆ ಸೇರಿ ಎಂ.ಎ. ವಿದ್ಯಾರ್ಥಿಗಳ ಟಿಪ್ಪಣಿಗೆ ಸೀಮಿತವಾಗುತ್ತಿವೆ. ಅವು ಮೊದಲು ತಲುಪಬೇಕಾದವಳು ಹತ್ತನೇ ತರಗತಿಯ ಹುಡುಗಿ, ನಾದಿರಾಳಿಗೆ ಹತ್ತಿರದ ವಯಸ್ಸಿನವಳು. ನಮ್ಮ ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕಕ್ಕೆ ಒಂದು ಮೂಲೆ ಇರುತ್ತದೆ, ದೊಡ್ಡವರ ಕಾದಂಬರಿಗೆ ಸಾಲುಸಾಲು ಕಪಾಟು ಇರುತ್ತದೆ. ಎರಡರ ನಡುವಿನ ವಯಸ್ಸಿಗೆ ಜಾಗವಿಲ್ಲ. ಆಸ್ತಿ ತೆರಿಗೆಯ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆಂದೇ ಒಂದು ಕಪಾಟು ಇಡಿ ಎಂದು ಕೇಳಲು ಅಷ್ಟು ಹಕ್ಕು ಸಾಕು. ಅಲ್ಲಿ ಸಾರಾ ಇರಲಿ, ಬಾನು ಇರಲಿ. ಸದಸ್ಯತ್ವ ಕೇಳಿ ಬಂದ ಹುಡುಗಿಗೆ ಅಂದೇ ಕಾರ್ಡು ಕೊಡಿ. ಸಾರಾ ಅವರಂತೆ ಅವಳು ಇಪ್ಪತ್ತಾರು-ಇಪ್ಪತ್ತೇಳು ವರ್ಷವಾಗುವವರೆಗೆ ಕಾಯುವಂತಾಗಬಾರದು.