ಮಿನಿ ಟ್ರ್ಯಾಕ್ಟರ್ ಬಕೆಟ್‌ನಲ್ಲಿ ಹಸಿ ಕಾಂಕ್ರೀಟ್: ಅರ್ಧ ತುಂಬಿದ್ರೆ ಸಾಕು

ಆಡಿಯೋ ಕೇಳಿದೋರಿಗೆ ಹಿಂದೆ ಗಡಗಡ ಅಂತ ಒಂದು ಸದ್ದು ಬಂದಿರುತ್ತೆ. ಅದು ಮಿಕ್ಸರ್ ಮಷೀನ್. ಈ ಎಪಿಸೋಡ್ ರೆಕಾರ್ಡ್ ಮಾಡಿದ್ದು ತೋವಿನಕೆರೆಯಲ್ಲಿ, ನಮ್ಮ ಚಿಕ್ಕಪ್ಪನ ಅಡಿಕೆ ತೋಟದಲ್ಲಿ. ಅಡಿಕೆ ಒಣಗಿಸೋಕೆ ಕಾಂಕ್ರೀಟ್ ಕಣ ಹಾಕಿಸ್ತಾ ಇದ್ರು. 30 ಅಡಿ ಉದ್ದ, 20 ಅಡಿ ಅಗಲ, 4 ಇಂಚು ದಪ್ಪ.

ನಾನು ಓದಿದ್ದು ಬಿ.ಕಾಂ. ಕಾಂಕ್ರೀಟ್ ಗೊತ್ತಿಲ್ಲ, ಲೆಕ್ಕ ಗೊತ್ತು. ಕಣಕ್ಕೆ 200 ಘನ ಅಡಿ ಕಾಂಕ್ರೀಟ್ ಬೇಕು. ಒಂದು ಘನ ಅಡಿ ಹಸಿ ಕಾಂಕ್ರೀಟ್ ಸುಮಾರು 68 ಕೆಜಿ. ಅಲ್ಲಿಗೆ ಒಟ್ಟು ಹದಿಮೂರೂವರೆ ಟನ್! ಬಾಂಡ್ಲಿಗೆ 20 ಕೆಜಿ ಅಂತ ಹಿಡಿದ್ರೂ 680 ಬಾಂಡ್ಲಿ ತಲೆ ಮೇಲೆ ಹೊರಬೇಕು, ಅದೂ ರಸ್ತೆಯಿಂದ 150 ಮೀಟರ್. ರೆಡಿಮಿಕ್ಸ್ ಲಾರಿ ತರಿಸೋಣ ಅಂದ್ರೆ, 6 ಘನ ಮೀಟರ್ ತುಂಬಿದ ಲಾರಿ ಸುಮಾರು 25 ಟನ್ ಆಗುತ್ತೆ. ಒಂಬತ್ತಡಿ ಅಂತರದ ಅಡಿಕೆ ಸಾಲಿನೊಳಗೆ ಅದು ಎಲ್ಲಿ ಬರುತ್ತೆ? ಆ ಸಾಲಲ್ಲಿ ಓಡಾಡೋದು ಮಿನಿ ಟ್ರ್ಯಾಕ್ಟರ್ ಮಾತ್ರ. ಚಿಕ್ಕಪ್ಪನ ಹತ್ರ 24 ಎಚ್‌ಪಿದು ಒಂದಿದೆ, ಮುಂದೆ ಲೋಡರ್ ಹಾಕಿಸಿದ್ದಾರೆ.

ತಪ್ಪಾಗಿದ್ದು ಇಲ್ಲೇ. ಆ ಬಕೆಟ್ 6 ಘನ ಅಡಿಯದ್ದು. ಸಡಿಲ ಮಣ್ಣು ತುಂಬಿದ್ರೆ ಸುಮಾರು 220 ಕೆಜಿ, ಆರಾಮಾಗಿ ಎತ್ತುತ್ತೆ. ಅದೇ ಬಕೆಟ್‌ಗೆ ಕಾಂಕ್ರೀಟ್ ತುಂಬಿದ್ರೆ 400 ಕೆಜಿ ದಾಟುತ್ತೆ. ಲೋಡರ್ ಮೇಲೆ ಬರೆದಿರೋದು 300. "ಗೊಬ್ಬರ ಹೊತ್ತೈತೆ, ಮಣ್ಣು ಹೊತ್ತೈತೆ, ಇದೇನ್ಲಾ ಮಹಾ" ಅಂದ್ರು ಚಿಕ್ಕಪ್ಪ. ಎರಡನೇ ಟ್ರಿಪ್‌ನಲ್ಲಿ ಬಕೆಟ್ ಎದೆಮಟ್ಟ ಎತ್ಕೊಂಡು ಬದು ಇಳಿಯುವಾಗ ಬ್ರೇಕ್ ಒತ್ತಿದ್ರು. ಹಿಂದಿನ ಎರಡೂ ಚಕ್ರ ನೆಲ ಬಿಟ್ಟವು. ನಾನು ಫೋನ್ ಹಿಡ್ಕೊಂಡು ಮುಂದೆಯೇ ನಿಂತಿದ್ದೆ. ಅವರು ತಟ್ಟನೆ ಬಕೆಟ್ ನೆಲಕ್ಕೆ ಬಿಟ್ಟಿದ್ದಕ್ಕೆ ಗಾಡಿ ಊರಿಕೊಂಡು ನಿಂತಿತು. ಅಷ್ಟರಲ್ಲಿ ಚಿಕ್ಕಮ್ಮ ಓಡಿ ಬಂದು ಬೈದಿದ್ದನ್ನ ಎಡಿಟ್ ಮಾಡಿ ತೆಗೆದಿದ್ದೀನಿ.

ಯಾಕೆ ಹಿಂಗಾಗುತ್ತೆ? ಹಳೇ ಕಾಲದ ಏತ ನೆನಪು ಮಾಡ್ಕೊಳ್ಳಿ. ಮುಂದಿನ ಚಕ್ರ ಅಂದ್ರೆ ಏತದ ಕಂಬ ಇದ್ದ ಹಾಗೆ. ಬಕೆಟ್ ಭಾರ ಜಾಸ್ತಿ ಆದ್ರೆ ಹಿಂಭಾಗ ಮೇಲೇಳುತ್ತೆ. ಸಾಮಾನ್ಯವಾಗಿ ಟ್ರ್ಯಾಕ್ಟರ್ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ. ಅದು ಗಾಳಿಯಲ್ಲಿದ್ರೆ ಬ್ರೇಕ್ ಒತ್ತಿ ಏನು ಬಂತು? ಜೊತೆಗೆ ಹಸಿ ಕಾಂಕ್ರೀಟ್ ಮಣ್ಣಿನ ಹಾಗೆ ಕೂತಿರಲ್ಲ, ಬ್ರೇಕ್ ಒತ್ತಿದ ತಕ್ಷಣ ಮುಂದಕ್ಕೆ ನುಗ್ಗುತ್ತೆ.

ಆಮೇಲೆ ಮೇಸ್ತ್ರಿ ಹೇಳಿದ ಹಾಗೆ ಮಾಡಿದ್ವಿ. ಬಕೆಟ್‌ಗೆ ಅರ್ಧ ಮಾತ್ರ, ಅಂದ್ರೆ 3 ಘನ ಅಡಿ, 200 ಕೆಜಿ. ಹಿಂದೆ ರೋಟಾವೇಟರ್ ತಗಲಿಸಿದ್ವಿ, ತಿರುಗಿಸೋಕಲ್ಲ, ಭಾರಕ್ಕೆ. ಬಕೆಟ್ ನೆಲದಿಂದ ಒಂದಡಿ ಮೇಲೆ, ಬಾಯಿ ಹಿಂದಕ್ಕೆ ವಾಲಿಸಿ, ನಡಿಗೆ ವೇಗ. ಇಳಿಜಾರು ಬಂದ್ರೆ ರಿವರ್ಸ್‌ನಲ್ಲೇ ಇಳಿಯೋದು. ಭಾರ ಯಾವತ್ತೂ ಏರಿನ ಕಡೆ ಇರಬೇಕು. ಎದುರಿಗೆ ಯಾರೂ ನಿಲ್ಲಬಾರದು, ಪಾಡ್‌ಕಾಸ್ಟ್ ಮಾಡೋನಂತೂ ನಿಲ್ಲಲೇಬಾರದು. ಇನ್ನೊಂದು ಮಾತು: ಲೋಡರ್ ಮೇಲಿನ ತೂಕ ಬಕೆಟ್ ಪಿನ್ ಹತ್ರದ್ದೋ ಬಕೆಟ್ ನಡುವಿನದ್ದೋ, ಬಕೆಟ್‌ನ ಸ್ವಂತ ತೂಕ ಸೇರಿದೆಯೋ ಇಲ್ಲವೋ ಅಂತ ಡೀಲರ್‌ನ ಕೇಳಿ. ನಾವು ಕೇಳಿರಲಿಲ್ಲ.

ಕಾಂಕ್ರೀಟ್ ಬಕೆಟ್‌ಗೆ ಅಂಟುತ್ತೆ ಅಂತ ಡ್ರೈವರ್‌ಗಳು "ಸ್ವಲ್ಪ ನೀರು ಬಿಡಿ, ಜಾರುತ್ತೆ" ಅಂತಾರೆ. ಬೇಡ. ಎಂ20 ನಾಮಿನಲ್ ಮಿಕ್ಸ್‌ಗೆ ಐಎಸ್ 456 ಹೇಳೋದು 50 ಕೆಜಿ ಮೂಟೆಗೆ ಹೆಚ್ಚೆಂದ್ರೆ 30 ಲೀಟರ್ ನೀರು. ಅದಕ್ಕಿಂತ ಜಾಸ್ತಿ ಹಾಕಿದಷ್ಟೂ ಕಣದ ಗಟ್ಟಿತನ ಹೋಗುತ್ತೆ. ಕಾಂಕ್ರೀಟ್‌ಗೆ ನೀರು ಸೇರಿಸೋ ಬದಲು, ಮೊದಲ ಟ್ರಿಪ್‌ಗೆ ಮುಂಚೆ ಬಕೆಟ್‌ನ ಒಳಗೆ ನೀರು ಚಿಮುಕಿಸಿ ಒದ್ದೆ ಮಾಡಿದ್ರೆ ಸಾಕು. ಗುಂಡಿ ದಾರೀಲಿ ಕುಲುಕಿದ್ರೆ ಜಲ್ಲಿ ತಳಕ್ಕೆ ಇಳಿದು ನೀರು ಮೇಲೆ ಬರುತ್ತೆ, ಹಾಗಾಗಿ ದಾರಿ ಮೊದಲೇ ಸಮ ಮಾಡ್ಕೊಳ್ಳಿ. ಸುರಿಯುವಾಗ ಮೇಲಿಂದ ಎಸೀಬೇಡಿ, ಬಕೆಟ್ ತಗ್ಗಿಸಿ. ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟ್ ಇರಲಿ. ಹಸಿ ಸಿಮೆಂಟ್ ಚರ್ಮ ಸುಡುತ್ತೆ.

ಅರ್ಧ ಕಣ ಮುಗಿಯೋ ಹೊತ್ತಿಗೆ ಸಂಜೆ. ಬಾಂಡ್ಲಿ ಹೊರೋಕೆ ಬಂದಿದ್ದ ಹೆಂಗಸರು ಮಟ್ಟ ಮಾಡೋ ಕೆಲಸಕ್ಕೆ ನಿಂತರು, ಅವರಿಗೆ ಪೂರ್ತಿ ಕೂಲಿ ಕೊಡಬೇಕು ಅಂತ ಚಿಕ್ಕಮ್ಮ ಹಟ ಹಿಡಿದ್ರು. ಒಳ್ಳೇದೇ ಆಯ್ತು.

"ಮಿಕ್ಸರ್‌ನೇ ಕಣದ ಹತ್ರ ಒಯ್ಯಬಹುದಿತ್ತಲ್ಲ?" ಅಂತ ನೀವು ಕೇಳ್ತೀರ. ಹೌದು. ಎರಡನೇ ದಿನ ಅದನ್ನೇ ಮಾಡಿದ್ವಿ. ಹಿಂದಿನ ಸಂಜೆಯೇ ಜಲ್ಲಿ, ಎಂ ಸ್ಯಾಂಡ್ ಎಲ್ಲಾ ಲೋಡರ್‌ನಲ್ಲೇ ಸಾಗಿಸಿ ಗುಡ್ಡೆ ಹಾಕಿದ್ವಿ. ಒಣ ಜಲ್ಲಿ 6 ಘನ ಅಡಿಗೆ ಸುಮಾರು 255 ಕೆಜಿ, ಲಿಮಿಟ್ ಒಳಗೇ. ಒಣ ಸಾಮಾನಿಗೆ ಗಡಿಯಾರ ಇಲ್ಲ. ಕಲಸಿದ ಕಾಂಕ್ರೀಟ್‌ನ ಮಾತ್ರ ಬೇಗ ಹಾಕಿ ಮುಗಿಸಬೇಕು. ತೋಟದೊಳಗೆ ಮಿಕ್ಸರ್‌ಗೆ ಜಾಗ ಇದ್ದು, ನೀರೂ ಸಿಗೋ ಹಾಗಿದ್ರೆ ಇದೇ ದಾರಿ ಹಿಡೀರಿ. ಇಲ್ಲದಿದ್ರೆ ಅರ್ಧ ಬಕೆಟ್.

ಕೊನೆ ಟ್ರಿಪ್ ಆದ ಕೂಡಲೇ ಬಕೆಟ್ ತೊಳೀರಿ. ಮೊದಲ ದಿನ ನಾವು ಬೆಳಗ್ಗೆ ನೋಡೋಣ ಅಂತ ಬಿಟ್ವಿ. ಚಿಕ್ಕಪ್ಪ ಇನ್ನೂ ಉಳಿ, ಸುತ್ತಿಗೆ ಹಿಡ್ಕೊಂಡು ಕೂತಿದ್ದಾರೆ.