ಏಟಿಕೊಪ್ಪಾಕದ ದಾರಿಯಲ್ಲಿ ಸಿಕ್ಕ ಚನ್ನಪಟ್ಟಣ

ವಿಶಾಖಪಟ್ಟಣ: ಈ ಊರಿಗೆ ವರ್ಗವಾಗಿ ಬಂದು ಹದಿನೆಂಟು ವರ್ಷಗಳಾದವು. ನೆಂಟರು ಬಂದರೆ ಆರ್.ಕೆ. ಬೀಚ್, ಸಿಂಹಾಚಲ, ಅರಕು ತೋರಿಸಿ ರೈಲು ಹತ್ತಿಸುವುದು ನಮ್ಮೆಲ್ಲರ ಪದ್ಧತಿ. ಸುತ್ತಲಿನ ಹಳ್ಳಿಗಳಲ್ಲಿ ಕಾಲಿಟ್ಟವರು ನಮ್ಮ ಕನ್ನಡ ಸಂಘದಲ್ಲಿ ಬೆರಳೆಣಿಕೆಯಷ್ಟು. ಈ ಕೊರತೆ ನೀಗಲೆಂದು ಚಳಿಗಾಲದ ಒಂದು ಭಾನುವಾರ ಹನ್ನೊಂದು ಮಂದಿ ಸದಸ್ಯರು ನರಸೀಪಟ್ಟಣಂ ರೋಡ್ ನಿಲ್ದಾಣದಲ್ಲಿ ಇಳಿದು, ಆಟೋದವರ ಕರೆಗೆ ಕಿವಿಗೊಡದೆ, ವರಾಹ ನದಿ ದಂಡೆಯ ಏಟಿಕೊಪ್ಪಾಕಕ್ಕೆ ನಡೆದೇ ಹೊರಟೆವು.

2022ರಿಂದ ಇದು ಅನಕಾಪಲ್ಲಿ ಜಿಲ್ಲೆ. ಅನಕಾಪಲ್ಲಿ ಬೆಲ್ಲದ ಹೆಸರು ಯಾರಿಗೆ ಗೊತ್ತಿಲ್ಲ? ದಾರಿಯಲ್ಲಿ ತಾಳೆಮರ, ಕಬ್ಬು. ಒಂದು ಕಡೆ ಬೆಲ್ಲ ಕಾಯಿಸುತ್ತಿದ್ದರು. ಮಂಡ್ಯ ಕಡೆಯ ಸದಸ್ಯೆಯೊಬ್ಬರು "ಅಯ್ಯೋ, ನಮ್ಮ ಆಲೆಮನೆ!" ಎಂದು ನಿಂತವರು ಅರ್ಧ ಗಂಟೆ ಕದಲಲಿಲ್ಲ. ಬಿಸಿ ಬೆಲ್ಲಕ್ಕೆ ಆ ರೈತರು ಹಣ ಮುಟ್ಟಲಿಲ್ಲ.

ಏಟಿಕೊಪ್ಪಾಕದ ಬಣ್ಣದ ಗೊಂಬೆಗಳಿಗೆ 2017ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವೂ ಇವೇ ಗೊಂಬೆಗಳದ್ದು. ಅರಿಶಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣಗಳನ್ನು ಮರಳಿ ಬಳಕೆಗೆ ತಂದ ಇಲ್ಲಿನ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಇಷ್ಟನ್ನು ಪತ್ರಿಕೆಯಲ್ಲಿ ಓದಿದ್ದೆ. ಆದರೆ ಇವರು 'ಅಂಕುಡು' ಎನ್ನುವ ಮರ ನಮ್ಮ ಹಾಲೆ ಮರವೇ ಎಂದು ಹೇಳಿದವರು ನಮ್ಮ ಜೊತೆ ಬಂದಿದ್ದ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯ ಸದಸ್ಯರು. ಅವರು ಚನ್ನಪಟ್ಟಣದವರು. ತಂದೆ ಗೊಂಬೆ ಕಡೆಯುತ್ತಿದ್ದರಂತೆ. ಇಷ್ಟು ವರ್ಷದ ಒಡನಾಟದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ!

ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮೈತುಂಬ ಹರಡುತ್ತದೆ. ಬ್ರಷ್ ಬೇಕಿಲ್ಲ. ಮೇಲೆ ಕೇದಿಗೆ ಎಲೆಯಿಂದ ತಿಕ್ಕಿದರೆ ಹೊಳಪು. ಎರಡೂ ಊರಲ್ಲಿ ಕೆಲಸ ಇದೇ ರೀತಿ. ಕುಶಲಕರ್ಮಿಯೊಬ್ಬರು ನಮ್ಮ ಹಿರಿಯರಿಗೆ ಉಳಿ ಕೊಟ್ಟು ಕೂರಿಸಿದರು. ಐವತ್ತು ವರ್ಷ ಬಿಟ್ಟ ಕೈ. ಮೊದಲ ಬುಗುರಿ ಒಡೆಯಿತು. ಎರಡನೆಯದು ಸೊಟ್ಟಗೆ ಬಂತು. ಅದನ್ನೇ ಹಣ ಕೊಟ್ಟು ಕೊಂಡರು.

"ಮಗ ಕಲಿತಿದ್ದಾನೆಯೇ?" ಎಂದು ಇವರು ತೆಲುಗಿನಲ್ಲಿ ಕೇಳಿದರು. ಅಚ್ಯುತಾಪುರಂ ಕಡೆಯ ಕಾರ್ಖಾನೆಗೆ ಹೋಗುತ್ತಾನೆ, ತಿಂಗಳ ಸಂಬಳವಿದೆ ಎಂದು ಉತ್ತರ ಬಂತು. ಮರವೂ ಮೊದಲಿನಂತೆ ಹತ್ತಿರದಲ್ಲಿ ಸಿಗುವುದಿಲ್ಲವಂತೆ. ನಮ್ಮ ಹಿರಿಯರು ತಲೆ ತಗ್ಗಿಸಿ, "ನಾನೂ ಸಂಬಳಕ್ಕೇ ಬಂದವನು" ಎಂದರು. ಆ ಮಾತಿಗೆ ಸ್ವಲ್ಪ ಮುಂಚೆ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಿದ್ದ ನಾನು, ಬ್ಯಾಂಕಿನವನ ಚಾಳಿ, ಕುಂಕುಮದ ಭರಣಿಗೆ ಹೇಳಿದಷ್ಟೇ ಕೊಟ್ಟೆ.

ವಿಷಯ ತಿಳಿದ ವಿಜಯವಾಡದ ಕನ್ನಡಿಗರು ಫೋನು ಮಾಡಿ ಕೊಂಡಪಲ್ಲಿಗೆ ಕರೆದಿದ್ದಾರೆ. ಅಲ್ಲಿ 'ತೆಲ್ಲ ಪೊಣಿಕಿ' ಎಂಬ ಹಗುರ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ನಮ್ಮ ಎಷ್ಟೋ ಮನೆಗಳ ದಸರಾ ಗೊಂಬೆ ಸಾಲಿನಲ್ಲಿ ಅಲ್ಲಿಯ ಅಂಬಾರಿ ಆನೆ ಇದ್ದೇ ಇರುತ್ತದೆ. ಬೆಟ್ಟದ ಮೇಲೆ ಕೋಟೆಯಿದೆ, ಕೃಷ್ಣದೇವರಾಯ ಗೆದ್ದದ್ದು. ಬರುವವರು ಸಂಘದಲ್ಲಿ ಹೆಸರು ಕೊಡಿ. ನೀರು, ಟೋಪಿ ಮರೆಯಬೇಡಿ; ಚಪ್ಪಲಿ ಬೇಡ, ಶೂ ಹಾಕಿ. ನಮ್ಮ ಹಿರಿಯರು ಮೊದಲ ಹೆಸರು ಬರೆಸಿದ್ದಾರೆ, ಎರಡನೆಯದು ಅವರ ಮೊಮ್ಮಗನದು.